ಅಂತರಜಾಲದ ಮೂಲಕ ಚಿನ್ನ-ಬೆಳ್ಳಿ: ಕೊಳ್ಳುವ ಮುನ್ನ, ಮಾರುವ ಮುನ್ನ

1968ರ ಚಿನ್ನ ನಿಯಂತ್ರಣ ಕಾಯಿದೆ ಜಾರಿಯಲ್ಲಿದ್ದ ಕಾಲದಲ್ಲಿ ಸಾಮಾನ್ಯ ಗೃಹಸ್ಥನು ಚಿನ್ನದ ಗಟ್ಟಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಆಭರಣಗಳು ನಿಗದಿತ ಮಿತಿಯನ್ನು ಮೀರಿದರೆ ಅವುಗಳ ವಿವರವನ್ನು ಸರ್ಕಾರಕ್ಕೆ ಘೋಷಿಸಬೇಕಾಗಿತ್ತು. 1990ರಲ್ಲಿ ಆ ಕಾಯಿದೆಯು ರದ್ದಾಯಿತು. ತನ್ನ ಚಿನ್ನವನ್ನು ತಾನೇ ಮತ್ತೊಬ್ಬರಿಗೆ ಮಾರಲು ನಾಗರಿಕನಿಗೆ ಈಗ ಅಂತಹ ನಿರ್ಬಂಧವಿಲ್ಲ. ದೂರವಾಣಿಯ ಪುಟ್ಟ ತೆರೆಯ ಮೇಲೆ ಒಂದು ಜಾಹೀರಾತನ್ನು ಹಾಕಿದರೆ ಸಾಕು, ಅಪರಿಚಿತನೊಬ್ಬನು ಸಂಜೆಯೊಳಗೆ ಖರೀದಿಗೆ ಮುಂದೆ ಬರುತ್ತಾನೆ.

ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಯಂತಹ ಜನನಿಬಿಡ ಉಪನಗರಗಳಲ್ಲಿ ಈ ಬಗೆಯ ವ್ಯವಹಾರ ಸುಲಭವಾಗಿ ಕುದುರುತ್ತದೆ. ಕರಾವಳಿ ಹಾಗೂ ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ. ಮಕ್ಕಳ ಶುಲ್ಕ, ಆಸ್ಪತ್ರೆಯ ವೆಚ್ಚ ಅಥವಾ ಮನೆಯ ಮುಂಗಡಕ್ಕಾಗಿ ಬಳೆಯನ್ನೋ ಸರವನ್ನೋ ಮಾರಬೇಕಾಗಿ ಬಂದಾಗ ಅಂಗಡಿಯವರು ಕಳೆಯುವ ಸವಕಳಿಯನ್ನು ಉಳಿಸಬೇಕೆಂದು ಮಾರುವವರು ಬಯಸುತ್ತಾರೆ. ಕೊಳ್ಳುವವರಿಗೆ ಮಜೂರಿ ಮತ್ತು ತೆರಿಗೆ ಉಳಿಯುತ್ತದೆ. ಇಬ್ಬರಿಗೂ ಲಾಭವೆಂದು ತೋರುವ ಈ ವ್ಯವಹಾರವು ಕಾನೂನಿಗೆ ವಿರುದ್ಧವಾದುದಲ್ಲ. ಆದರೆ ಅಂಗಡಿಯ ಮಾರಾಟದೊಡನೆ ತಾನಾಗಿಯೇ ಬರುವ ರಕ್ಷಣೆಗಳು ಇಲ್ಲಿ ಬರುವುದಿಲ್ಲ. ಅವುಗಳನ್ನು ಇಬ್ಬರೂ ಸೇರಿ ಮೊದಲೇ ಕಲ್ಪಿಸಿಕೊಳ್ಳಬೇಕು.

ಕಾನೂನಿನ ರಕ್ಷಣೆ ಎಲ್ಲಿಯವರೆಗೆ?

ನೋಂದಾಯಿತ ಆಭರಣ ವ್ಯಾಪಾರಿಯಿಂದ ಕೊಂಡ ಹಾಲ್‌ಮಾರ್ಕ್ ಒಡವೆಯಲ್ಲಿ ಶುದ್ಧತೆ ಕಡಿಮೆಯಿದ್ದರೆ, ಭಾರತೀಯ ಮಾನಕ ಬ್ಯೂರೋದ 2018ರ ನಿಯಮಗಳಂತೆ, ಆ ಕೊರತೆಯ ಮೌಲ್ಯದ ಎರಡರಷ್ಟು ಮೊತ್ತವನ್ನೂ ಪರೀಕ್ಷಾ ಶುಲ್ಕವನ್ನೂ ಗ್ರಾಹಕನು ಪಡೆಯಬಹುದು. ಖಾಸಗಿ ವ್ಯಕ್ತಿಯಿಂದ ಕೊಂಡವರಿಗೆ ಆ ವ್ಯಕ್ತಿಯ ವಿರುದ್ಧ ಈ ಹಕ್ಕು ಇರುವುದಿಲ್ಲ. ಅದೇ ರೀತಿ, ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 2020ರಲ್ಲಿ ಹೊರಡಿಸಲಾದ ಇ-ಕಾಮರ್ಸ್ ನಿಯಮಗಳು, ವ್ಯಾಪಾರವನ್ನು ಕ್ರಮಬದ್ಧವಾಗಿ ನಡೆಸದೆ ವೈಯಕ್ತಿಕ ನೆಲೆಯಲ್ಲಿ ಮಾರಾಟ ಮಾಡುವ ವ್ಯಕ್ತಿಗೆ ಅನ್ವಯಿಸುವುದಿಲ್ಲ.

ಉಳಿಯುವುದು 1930ರ ಸರಕು ಮಾರಾಟ ಕಾಯಿದೆ. ಇದು ಖಾಸಗಿ ಮಾರಾಟಕ್ಕೂ ಅನ್ವಯಿಸುತ್ತದೆ. ಮಾರುವವನಿಗೆ ಮಾರುವ ಹಕ್ಕಿರಬೇಕು ಮತ್ತು ವಸ್ತುವು ಕೊಟ್ಟ ವರ್ಣನೆಗೆ ಹೊಂದಬೇಕು ಎಂಬ ಎರಡು ಷರತ್ತುಗಳು ಇದರಲ್ಲಿವೆ. ಆದುದರಿಂದ “22 ಕ್ಯಾರೆಟ್, ನಿವ್ವಳ ತೂಕ 21 ಗ್ರಾಂ” ಎಂದು ಕಾಗದದ ಮೇಲೆ ಬರೆದು ಸಹಿ ಪಡೆದರೆ, ಮುಂದೆ ಸಿವಿಲ್ ನ್ಯಾಯಾಲಯದಲ್ಲಿ ಆ ಮಾತಿಗೆ ಬೆಲೆ ಬರುತ್ತದೆ. ಬಾಯಿಮಾತಿನಲ್ಲಿ ಹೇಳಿದುದನ್ನು ಸಾಬೀತುಪಡಿಸುವುದು ಕಷ್ಟ.

2019ರ ಅಕ್ಟೋಬರ್‌ನಲ್ಲಿ ಥಾಣೆ, ಡೊಂಬಿವಲಿ ಮೊದಲಾದೆಡೆ ಮಳಿಗೆಗಳಿದ್ದ ಆಭರಣ ಸಂಸ್ಥೆಯೊಂದು ಬಾಗಿಲು ಮುಚ್ಚಿದಾಗ, ಅದರ ಉಳಿತಾಯ ಯೋಜನೆಗಳಲ್ಲಿ ಹಣ ತೊಡಗಿಸಿದ್ದ ಅನೇಕ ಕುಟುಂಬಗಳು ಪೊಲೀಸರ ಮೊರೆಹೋದವು. ಪರಿಚಯವಾಗಲಿ ಪ್ರಸಿದ್ಧಿಯಾಗಲಿ ಭದ್ರತೆಯಲ್ಲ ಎಂಬುದಕ್ಕೆ ಇದು ಸಾಕ್ಷಿ. ಇಂತಹ ಸಂದರ್ಭದಲ್ಲಿ ಅಂಗಡಿಯ ಗ್ರಾಹಕನ ಕೈಯಲ್ಲಿ ರಸೀದಿಯಾದರೂ ಇರುತ್ತದೆ. ಇಬ್ಬರು ಖಾಸಗಿ ವ್ಯಕ್ತಿಗಳ ನಡುವೆ, ಅವರು ಬರೆದುಕೊಳ್ಳದ ಹೊರತು, ಅದೂ ಇರುವುದಿಲ್ಲ.

ಶುದ್ಧತೆಯ ಪರೀಕ್ಷೆ

ಚಿನ್ನದ ಹಾಲ್‌ಮಾರ್ಕ್ ಪದ್ಧತಿಯು 2000ದಲ್ಲಿ ಆರಂಭವಾಗಿ 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾಯಿತು. ಈಗಿನ ಹಾಲ್‌ಮಾರ್ಕಿನಲ್ಲಿ ಮೂರು ಗುರುತುಗಳಿರುತ್ತವೆ: ಮಾನಕ ಬ್ಯೂರೋದ ಚಿಹ್ನೆ, ಶುದ್ಧತೆಯ ಅಂಕಿ, ಮತ್ತು ಅಕ್ಷರ-ಅಂಕಿಗಳು ಬೆರೆತ ಆರು ಸ್ಥಾನಗಳ ಗುರುತಿನ ಸಂಖ್ಯೆ, ಅಂದರೆ ಎಚ್.ಯು.ಐ.ಡಿ. ಶುದ್ಧತೆಯ ಅಂಕಿ 916 ಎಂದರೆ ಸಾವಿರ ಭಾಗಗಳಲ್ಲಿ 916 ಭಾಗ ಚಿನ್ನ, ಅದೇ 22 ಕ್ಯಾರೆಟ್. 750 ಎಂದರೆ 18 ಕ್ಯಾರೆಟ್.

ಈ ಸಂಖ್ಯೆಯನ್ನು ಬ್ಯೂರೋದ ‘ಬಿ.ಐ.ಎಸ್. ಕೇರ್’ ಆ್ಯಪ್‌ನಲ್ಲಿ ನಮೂದಿಸಿದರೆ ಒಡವೆಯ ವಿಧ, ಶುದ್ಧತೆ ಮತ್ತು ಹಾಲ್‌ಮಾರ್ಕ್ ಮಾಡಿದ ಕೇಂದ್ರದ ವಿವರ ದೊರೆಯುತ್ತದೆ. ಕೈಯಲ್ಲಿರುವುದು ಸರವಾಗಿದ್ದು ತೆರೆಯ ಮೇಲೆ ಉಂಗುರವೆಂದು ಕಂಡುಬಂದರೆ, ಸಂಖ್ಯೆಯನ್ನು ಬೇರೆ ಒಡವೆಯಿಂದ ನಕಲು ಮಾಡಿರಬಹುದೆಂದು ಶಂಕಿಸಬೇಕು. ಹಳೆಯ ಒಡವೆಗಳ ಮೇಲೆ ಕಾಣುವ ‘ಕೆ.ಡಿ.ಎಂ.’ ಎಂಬುದು ಕ್ಯಾಡ್ಮಿಯಂ ಬಳಸಿ ಬೆಸೆದುದರ ಸೂಚನೆಯೇ ಹೊರತು ಹಾಲ್‌ಮಾರ್ಕ್ ಅಲ್ಲ.

ಹಾಲ್‌ಮಾರ್ಕ್ ಇಲ್ಲದ ಹಳೆಯ ಒಡವೆಯನ್ನು ಸಾಮಾನ್ಯ ನಾಗರಿಕರು ಸಹ ಬ್ಯೂರೋದ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಕ್ಕೆ ಕೊಂಡೊಯ್ದು ಪರೀಕ್ಷೆ ಮಾಡಿಸಬಹುದು. ನಾಲ್ಕು ವಸ್ತುಗಳವರೆಗೆ ಶುಲ್ಕ 200 ರೂಪಾಯಿ ಎಂದು 2023ರಲ್ಲಿ ಪ್ರಕಟಿಸಲಾಗಿತ್ತು. ಯಂತ್ರದ ಕಿರಣಗಳಿಂದ ನಡೆಯುವ ಪರೀಕ್ಷೆಯು ಲೋಹದ ಮೇಲ್ಪದರವನ್ನು ಮಾತ್ರ ಓದುತ್ತದೆ. ದಪ್ಪ ಲೇಪನದ ಒಳಗೆ ಬೇರೆ ಲೋಹವಿದ್ದರೆ ಅದು ತಿಳಿಯದೆ ಹೋಗಬಹುದು. ಟಂಗ್‌ಸ್ಟನ್ ಲೋಹದ ಸಾಂದ್ರತೆಯು ಚಿನ್ನದ ಸಾಂದ್ರತೆಗೆ ಅತಿ ಸಮೀಪವಾದುದರಿಂದ ಗಟ್ಟಿಗಳ ವಿಷಯದಲ್ಲಿ ತೂಕ-ಗಾತ್ರದ ಲೆಕ್ಕವೂ ಸಾಲದು. ದೊಡ್ಡ ಮೊತ್ತದ ವ್ಯವಹಾರದಲ್ಲಿ ಒಂದು ಚೂರನ್ನು ಕರಗಿಸಿ ಮಾಡುವ ಪರೀಕ್ಷೆಯೇ ಖಚಿತವಾದುದು.

ಬೆಳ್ಳಿಗೆ ಗುರುತಿನ ಸಂಖ್ಯೆಯ ಹಾಲ್‌ಮಾರ್ಕ್ 2025ರ ಸೆಪ್ಟೆಂಬರ್ 1ರಿಂದ ಐಚ್ಛಿಕವಾಗಿ ಆರಂಭವಾಗಿದೆ. ‘ಜರ್ಮನ್ ಸಿಲ್ವರ್’ ಎಂಬುದು ತಾಮ್ರ, ನಿಕ್ಕಲ್ ಮತ್ತು ಸತುಗಳ ಮಿಶ್ರಣ. ಅದರಲ್ಲಿ ಬೆಳ್ಳಿಯೇ ಇರುವುದಿಲ್ಲ.

ತೂಕದ ಮಾತು

ಮುಂಬಯಿ ಪ್ರದೇಶದಲ್ಲಿ ಚಿನ್ನವನ್ನು ತೊಲದ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ಕರಾವಳಿಯ ಕುಟುಂಬಗಳು ಪವನಿನಲ್ಲಿ ಲೆಕ್ಕ ಹಾಕುತ್ತವೆ. ಹಳೆಯ ತೊಲವು ಸುಮಾರು 11.66 ಗ್ರಾಂ, ಇಂದಿನ ಪೇಟೆಯ ತೊಲವು 10 ಗ್ರಾಂ, ಪವನು 8 ಗ್ರಾಂ. ಅಜ್ಜಿಯ ಕಾಲದ ಐದು ತೊಲದ ಒಡವೆಯನ್ನು ಇಂದಿನ ಐದು ತೊಲವೆಂದು ಮಾರಿದರೆ 8 ಗ್ರಾಂಗೂ ಹೆಚ್ಚು ಚಿನ್ನ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಆದುದರಿಂದ ಮಾತುಕತೆಯು ಮೊದಲಿನಿಂದಲೂ ಗ್ರಾಂನಲ್ಲಿಯೇ ನಡೆಯಬೇಕು.

ಕರಿಮಣಿ, ಹರಳು ಮತ್ತು ಒಳಗೆ ತುಂಬಿದ ಅರಗಿನ ತೂಕವನ್ನು ಕಳೆಯುವುದು ಅಗತ್ಯ. ಉದಾಹರಣೆಗೆ, 24 ಗ್ರಾಂ ತೂಗುವ ಮಂಗಳಸೂತ್ರದಲ್ಲಿ ಕರಿಮಣಿ ಮತ್ತು ಅರಗು 3 ಗ್ರಾಂ ಇದ್ದರೆ ನಿವ್ವಳ ತೂಕ 21 ಗ್ರಾಂ. ಅದು 22 ಕ್ಯಾರೆಟ್ ಆಗಿದ್ದಲ್ಲಿ ಅದರೊಳಗಿನ ಶುದ್ಧ ಚಿನ್ನ ಸುಮಾರು 19.24 ಗ್ರಾಂ ಮಾತ್ರ.

ಒಡೆತನದ ಪ್ರಶ್ನೆ

ಹಾಲ್‌ಮಾರ್ಕ್ ಶುದ್ಧತೆಯನ್ನು ಹೇಳುತ್ತದೆ. ಒಡವೆ ಯಾರದೆಂಬುದನ್ನು ಹೇಳುವುದಿಲ್ಲ. ಕದ್ದ ಒಡವೆಯನ್ನು ಕೊಂಡವನು, ಪೂರ್ಣ ಬೆಲೆ ತೆತ್ತಿದ್ದರೂ, ಸಾಮಾನ್ಯವಾಗಿ ಅದರ ಒಡೆಯನಾಗುವುದಿಲ್ಲ. ತನಿಖೆಯ ವೇಳೆ ಪೊಲೀಸರು ಅದನ್ನು ವಶಪಡಿಸಿಕೊಳ್ಳಬಹುದು. ಕದ್ದುದೆಂದು ತಿಳಿದೂ ಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿದೆ. ಆದಕಾರಣ ಮೂಲ ರಸೀದಿಯನ್ನು ಕೇಳಿ ಪಡೆಯಬೇಕು. ಪಿತ್ರಾರ್ಜಿತ ಒಡವೆಗೆ ರಸೀದಿ ಇರದಿದ್ದರೆ, ಅದು ಹೇಗೆ ಬಂದಿತೆಂಬ ಲಿಖಿತ ಹೇಳಿಕೆ, ಮಾರುವವರ ಗುರುತುಪತ್ರದ ಪ್ರತಿ ಮತ್ತು ಒಡವೆಯ ಛಾಯಾಚಿತ್ರವನ್ನು ಇರಿಸಿಕೊಳ್ಳಬೇಕು. ಪೇಟೆಯ ದರಕ್ಕಿಂತ ಬಹಳ ಕಡಿಮೆಗೆ, ಅವಸರದಲ್ಲಿ ಮಾರಲು ಬಂದವರಿಂದ ದೂರವಿರುವುದು ಲೇಸು.

ಹಣದ ಪಾವತಿ

ಮಾರುವವರಿಗೆ ಅಪಾಯ ಒದಗುವುದು ಹೆಚ್ಚಾಗಿ ಈ ಹಂತದಲ್ಲಿ. ಹಣ ಜಮೆಯಾಯಿತೆಂಬ ಸಂದೇಶವನ್ನೂ ಪಾವತಿಯ ಚಿತ್ರವನ್ನೂ ಸುಲಭವಾಗಿ ಸೃಷ್ಟಿಸಬಹುದು. ತಮ್ಮ ಖಾತೆಯ ಶಿಲ್ಕನ್ನು ತಾವೇ ನೋಡಿ ಖಚಿತಪಡಿಸಿಕೊಳ್ಳದೆ ಒಡವೆಯನ್ನು ಕೈಬಿಡಬಾರದು. ಯು.ಪಿ.ಐ. ಮೂಲಕ ಹಣ ಪಡೆಯಲು ಪಿನ್ ಸಂಖ್ಯೆಯನ್ನು ಒತ್ತುವ ಅಗತ್ಯ ಎಂದಿಗೂ ಇಲ್ಲ.

ಇನ್ನೊಂದು ಅಪಾಯ ಅಷ್ಟಾಗಿ ತಿಳಿದಿಲ್ಲ. ವಂಚಕನು ಮೂರನೆಯ ವ್ಯಕ್ತಿಯೊಬ್ಬನನ್ನು ಮೋಸಗೊಳಿಸಿ, ಅವನ ಖಾತೆಯಿಂದಲೇ ನಿಮಗೆ ಹಣ ಬರುವಂತೆ ಮಾಡಿ, ನಿಮ್ಮ ಒಡವೆಯೊಡನೆ ಮರೆಯಾಗಬಹುದು. ಆ ವ್ಯಕ್ತಿ ದೂರು ನೀಡಿದಾಗ ನಿಮ್ಮ ಖಾತೆಯಲ್ಲಿನ ಹಣವನ್ನು ತಡೆಹಿಡಿಯಲಾಗುತ್ತದೆ. ಎದುರಿಗಿರುವ ವ್ಯಕ್ತಿಯ ಹೆಸರು ಮತ್ತು ಹಣ ಬಂದ ಖಾತೆಯ ಹೆಸರು ಒಂದೇ ಆಗಿರಬೇಕೆಂಬ ನಿಯಮವನ್ನು ಎಂದೂ ಸಡಿಲಿಸಬಾರದು.

ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮೊತ್ತವನ್ನು ಒಂದು ವ್ಯವಹಾರಕ್ಕೆ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್ 1ರಿಂದ ನಿಷೇಧಿಸಿದೆ. ತಪ್ಪಿದಲ್ಲಿ ಹಣ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಚಿನ್ನವನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದಾಗ ಬರುವ ಲಾಭಕ್ಕೆ, 2024ರ ಜುಲೈ 23ರಿಂದ, ಶೇಕಡಾ 12.5ರ ತೆರಿಗೆ ಇದೆ. ಪಿತ್ರಾರ್ಜಿತ ಒಡವೆಗೆ ಹಿಂದಿನ ಒಡೆಯರ ಅವಧಿಯೂ ಸೇರುತ್ತದೆ.

ಎಲ್ಲಿ ಭೇಟಿಯಾಗಬೇಕು?

ರೈಲು ನಿಲ್ದಾಣದ ಸೇತುವೆಯ ಮೇಲಾಗಲಿ ಅಪರಿಚಿತರ ಮನೆಯಲ್ಲಾಗಲಿ ಒಡವೆಯನ್ನು ಬಿಚ್ಚಿ ತೋರಿಸಬಾರದು. ಪರೀಕ್ಷಾ ಕೇಂದ್ರದಲ್ಲಿ, ಹಗಲು ಹೊತ್ತಿನಲ್ಲಿ, ಮನೆಯವರೊಬ್ಬರ ಜೊತೆಯಲ್ಲಿ ಭೇಟಿಯಾಗುವುದು ಉತ್ತಮ. ಮೊದಲು ತೂಕ, ಅನಂತರ ಪರೀಕ್ಷೆ, ಬಳಿಕ ಬರಹ, ಆಮೇಲೆ ಪಾವತಿ, ಕೊನೆಗೆ ಹಸ್ತಾಂತರ: ಈ ಅನುಕ್ರಮವು ತಪ್ಪಬಾರದು. ಇಷ್ಟಕ್ಕೆ ಒಪ್ಪದವರೊಡನೆ ವ್ಯವಹಾರ ಬೇಡ. ಅಂತಹ ಸಂದರ್ಭದಲ್ಲಿ ನೋಂದಾಯಿತ ವ್ಯಾಪಾರಿಗೆ ಮಾರಿ ತುಸು ಕಡಿಮೆ ಪಡೆಯುವುದೇ ನಿಜವಾದ ಉಳಿತಾಯ.

ಮೋಸವಾದಲ್ಲಿ

ಆನ್‌ಲೈನ್ ಪಾವತಿಯಲ್ಲಿ ವಂಚನೆಯಾಗಿದೆಯೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು; ಹಣವು ಮುಂದಿನ ಖಾತೆಗಳಿಗೆ ಹರಿಯುವ ಮುನ್ನ ತಡೆಯಲು ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ಅಂಗಡಿಯಿಂದ ಕೊಂಡ ಒಡವೆಯ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಥಾಣೆ, ಡೊಂಬಿವಲಿ ಮತ್ತು ಕಲ್ಯಾಣಗಳು ಥಾಣೆ ಪೊಲೀಸ್ ಆಯುಕ್ತಾಲಯಕ್ಕೆ ಸೇರಿದ್ದರೆ, ನವಿಮುಂಬಯಿಗೆ ಪ್ರತ್ಯೇಕ ಆಯುಕ್ತಾಲಯವಿದೆ. ಆದರೂ ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದೆಯೆಂಬ ಕಾರಣಕ್ಕೆ ದೂರು ನೀಡಲು ಹಿಂಜರಿಯಬೇಕಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ವ್ಯಾಪ್ತಿ ಯಾವುದೇ ಇರಲಿ, ಸಂಜ್ಞೇಯ ಅಪರಾಧದ ದೂರನ್ನು ಯಾವುದೇ ಠಾಣೆಯಲ್ಲಿ ನೀಡಲು ಅವಕಾಶ ಕಲ್ಪಿಸಿದೆ. ದೂರಿನೊಡನೆ ಸಂದೇಶಗಳು, ಪಾವತಿಯ ವಿವರ ಮತ್ತು ಸಹಿಯಾದ ಕಾಗದವನ್ನು ಒಪ್ಪಿಸಬೇಕು.

ಮನೆಯ ಚಿನ್ನವು ಹಲವು ವರ್ಷಗಳ ದುಡಿಮೆಯ ಫಲ. ಅದು ಕೈ ಬದಲಾಯಿಸುವ ದಿನ ಅರ್ಧ ಗಂಟೆಯ ಪರೀಕ್ಷೆಗೂ ಒಂದು ಹಾಳೆಯ ಬರಹಕ್ಕೂ ಸಮಯ ಕೊಡುವುದು ಕೊಳ್ಳುವವರ ಮತ್ತು ಮಾರುವವರ ಇಬ್ಬರ ಹಿತಕ್ಕೂ ಅಗತ್ಯ.