ರೀಬೋರ್‌ಗೆ ಒಪ್ಪುವ ಮುನ್ನ ಕಂಪ್ರೆಶನ್ ಅಳೆಯಿರಿ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ನಮ್ಮಲ್ಲಿ ಹಲವರ ಶೆಡ್ಡಿನಲ್ಲಿ ಅದರ ಹಳೆಯ 1489 ಸಿಸಿ ಪೆಟ್ರೋಲ್ ಇಂಜಿನ್ ಇನ್ನೂ ದುಡಿಯುತ್ತಿದೆ. ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೇ ಅದಕ್ಕೆ ಕಾಯಿಲೆ ಬರುವುದೂ ಉಂಟು. ಏರಿನಲ್ಲಿ ಎಳೆಯುವುದಿಲ್ಲ, ಚಳಿಗೆ ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜಿಗೆ ಒಯ್ದರೆ "ರೀಬೋರ್ ಮಾಡಿಸಬೇಕು" ಎಂಬ ತೀರ್ಪು.

ಕಳೆದ ಮಳೆಗಾಲದ ಕೊನೆಗೆ ನನಗೂ ಇದೇ ತೀರ್ಪು ಸಿಕ್ಕಿತು. ಒಪ್ಪುವ ಮೊದಲು ನೆರೆಯವರಿಂದ ಕಂಪ್ರೆಶನ್ ಗೇಜು ತಂದು ಅಳೆದೆ.

ಪಿಸ್ಟನ್ ಮೇಲೇರುವಾಗ ಪೆಟ್ರೋಲ್ ಬೆರೆತ ಗಾಳಿಯನ್ನು ಅದುಮುತ್ತದೆ. ಆ ಒತ್ತಡ ಸೋರಿಹೋದರೆ ಶಕ್ತಿ ಇಲ್ಲ. ಸೋರುವ ದಾರಿಗಳು ಮುಖ್ಯವಾಗಿ ಮೂರು: ರಿಂಗು, ವಾಲ್ವು, ಹೆಡ್ ಗ್ಯಾಸ್ಕೆಟ್. ರೀಬೋರ್ ಬೇಕಾಗುವುದು ಮೊದಲನೆಯದಕ್ಕೆ, ಅದೂ ಸಿಲಿಂಡರ್ ಸವೆದಿದ್ದರೆ ಮಾತ್ರ.

ಅಳೆಯುವ ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ, ಟ್ಯಾಪೆಟ್ ಸಂದು ಸರಿ ಇರಲಿ. ಇಂಜಿನನ್ನು ಬಿಸಿಯಾಗುವವರೆಗೆ ಓಡಿಸಿ ನಿಲ್ಲಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಪ್ಲಗ್ಗುಗಳ ಬುಡದ ಧೂಳನ್ನು ಊದಿ ತೆಗೆದ ಮೇಲೆ ನಾಲ್ಕನ್ನೂ ಬಿಚ್ಚಿ. ಕಿಡಿ ಹಾರದಂತೆ ಕಾಯಿಲಿಗೆ ಬರುವ ಸಣ್ಣ ವೈರು ಕಳಚಿಡಿ. ಹತ್ತಿರ ಬೀಡಿ ಬೇಡ, ಪೆಟ್ರೋಲ್ ಆವಿ ಹೊರಬರುತ್ತದೆ. ಗೇಜನ್ನು ಒಂದನೆಯ ಪ್ಲಗ್ಗಿನ ತೂತಿಗೆ ಕೂರಿಸಿ, ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಐದಾರು ಹೊಡೆತ ಸೆಲ್ಫ್ ಹೊಡೆಯಲಿ. ಆಕ್ಸಿಲರೇಟರ್ ಒತ್ತದೆ ಅಳೆದರೆ ಒಳಕ್ಕೆ ಗಾಳಿ ಸಾಲದೆ ಅಂಕೆ ಸುಳ್ಳಾಗುತ್ತದೆ. ನಾಲ್ಕನ್ನೂ ಹೀಗೆಯೇ ಅಳೆದು ಕಾಗದದಲ್ಲಿ ಬರೆದುಕೊಳ್ಳಿ.

ನನ್ನ ಕಾಗದದಲ್ಲಿದ್ದದ್ದು 118, 116, 70, 119 ಪೌಂಡ್. ನೋಡಬೇಕಾದದ್ದು ನಾಲ್ಕರ ಹೊಂದಾಣಿಕೆಯನ್ನು. ಅತಿ ಹೆಚ್ಚು ತೋರಿಸಿದ ಸಿಲಿಂಡರಿಗಿಂತ ಶೇಕಡ 15ರಷ್ಟು ಕೆಳಗಿಳಿದದ್ದು ರೋಗಿ. ಪಕ್ಕಪಕ್ಕದ ಎರಡು ಒಟ್ಟಿಗೆ ಇಳಿದಿದ್ದರೆ ನಡುವಿನ ಗ್ಯಾಸ್ಕೆಟ್ ಮೇಲೆ ಸಂಶಯಪಡಬೇಕು.

ಇಲ್ಲಿ ಮಲೆನಾಡಿನವರಿಗೊಂದು ಮಾತು. ಎತ್ತರಕ್ಕೆ ಹೋದಂತೆ ಗಾಳಿಯೇ ತೆಳು. ಮಂಗಳೂರಿನಲ್ಲಿ 140 ತೋರುವ ಇಂಜಿನ್ ಮಡಿಕೇರಿಯ ಎತ್ತರದಲ್ಲಿ ಸುಮಾರು 120 ತೋರೀತು. ಘಟ್ಟದ ಕೆಳಗಿನ ಅಂಕೆಯನ್ನು ಹಿಡಿದು ನಾಲ್ಕು ಸಿಲಿಂಡರೂ ಸವೆದಿವೆ ಎಂದರೆ ನಂಬಬೇಡಿ.

ಮುಂದೆ, ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಎಣ್ಣೆ ರಿಂಗಿನ ಸಂದನ್ನು ಕೊಂಚ ಹೊತ್ತು ಮುಚ್ಚುತ್ತದೆ. ಒತ್ತಡ ಚೆನ್ನಾಗಿ ಏರಿದರೆ ರಿಂಗು ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ದೋಷ ವಾಲ್ವಿನಲ್ಲೋ ಗ್ಯಾಸ್ಕೆಟಿನಲ್ಲೋ. ನನ್ನ ಮೂರನೆಯದು 70ರಿಂದ 73ಕ್ಕೆ ಬಂದು ನಿಂತಿತು.

ಹೆಡ್ ಇಳಿಸಿದಾಗ ಮೂರನೆಯ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ತಿಂದುಹೋಗಿತ್ತು. ತಪ್ಪು ನನ್ನದೇ. ಟಕಟಕ ಸದ್ದು ಕೇಳಬಾರದೆಂದು ನಾನೇ ಟ್ಯಾಪೆಟ್ ಬಿಗಿ ಮಾಡಿದ್ದೆ. ಬಿಸಿಯಾದಾಗ ವಾಲ್ವು ಪೂರ್ತಿ ಕೂರದೆ ಉರಿ ಅದರ ಅಂಚಿನಲ್ಲೇ ಹಾದುಹೋಗಿದೆ. ಹೊಸ ವಾಲ್ವು ಹಾಕಿ, ಉಳಿದವನ್ನು ಸೀಟಿಗೆ ಉಜ್ಜಿ ಕೂರಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಕಟ್ಟಿದೆವು. ಪಿಸ್ಟನ್ ಮುಟ್ಟಲಿಲ್ಲ. ರೀಬೋರಿಗೆಂದು ತೆಗೆದಿಟ್ಟ ಹಣದಲ್ಲಿ ಬಹುಪಾಲು ಗೊಬ್ಬರಕ್ಕೆ ಉಳಿಯಿತು.

ಡೀಸೆಲ್ ಜೀಪು ಇಟ್ಟುಕೊಂಡವರು ಈ ಗೇಜನ್ನು ಅದಕ್ಕೆ ಹಾಕಬಾರದು. ಅಲ್ಲಿನ ಒತ್ತಡ ಇದರ ಎರಡು ಮೂರು ಪಟ್ಟು, ಗೇಜು ಒಡೆದೀತು. ಎಣ್ಣೆ ಬಿಡುವ ಪರೀಕ್ಷೆಯೂ ಬೇಡ. ಡೀಸೆಲ್ ಇಂಜಿನ್ನಿನಲ್ಲಿ ಆ ಎಣ್ಣೆಗೇ ಬೆಂಕಿ ಹತ್ತುವ ಅಪಾಯವಿದೆ.