ಬಸುರಿನಲ್ಲಿ ವಾಂತಿಯ ಭಯ

ವಾಂತಿಯಾದೀತೆಂಬ ಅತಿಯಾದ ಭಯವನ್ನು ವೈದ್ಯರು ಎಮೆಟೋಫೋಬಿಯಾ ಎನ್ನುತ್ತಾರೆ. ಸಾಮಾನ್ಯವಾಗಿ ಬಾಲ್ಯದಲ್ಲೇ ಶುರುವಾಗುವ ಇದು ಹೆಂಗಸರಲ್ಲಿ ಹೆಚ್ಚು. ಬಸ್ ಪ್ರಯಾಣ, ಹೊರಗಿನ ಊಟ, ಕಾಯಿಲೆಯವರ ಸಹವಾಸ ತಪ್ಪಿಸಿಕೊಂಡು ದಿನ ದೂಡುವವರಿಗೆ ಬಸುರಿನ ವಾಕರಿಕೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಈ ಭಯಕ್ಕೇ ಕೆಲವರು ಮಗುವಿನ ಯೋಚನೆಯನ್ನು ಮುಂದೂಡುವುದೂ ಉಂಟು.

ನೂರರಲ್ಲಿ ಸುಮಾರು 70 ಬಸುರಿಯರಿಗೆ ಹೊಟ್ಟೆ ತೊಳಸುತ್ತದೆ; ಅವರಲ್ಲಿ ಎಲ್ಲರಿಗೂ ವಾಂತಿಯಾಗಬೇಕೆಂದಿಲ್ಲ. ವಾಕರಿಕೆ 6ನೇ ವಾರದ ಹೊತ್ತಿಗೆ ಕಾಣಿಸಿಕೊಂಡು, 9ನೇ ವಾರದ ಆಸುಪಾಸಿನಲ್ಲಿ ಏರಿ, 16ರಿಂದ 20ನೇ ವಾರದೊಳಗೆ ಬಹುತೇಕರಿಗೆ ಇಳಿಯುತ್ತದೆ. ಗದಗ ಜಿಲ್ಲೆಯ ನೇಕಾರರ ಊರು ಶಿಗ್ಲಿಯ ಸುತ್ತಿನಲ್ಲಿ ಕುಬಸ (ಸೀಮಂತ) ಮಾಡುವ ಹೊತ್ತಿಗೆ ಹೆಚ್ಚಿನವರಿಗೆ ಬಾಯಿರುಚಿ ಮರಳಿರುತ್ತದೆ. ಗರ್ಭದಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್15 ಎಂಬ ಹಾರ್ಮೋನು ಈ ವಾಕರಿಕೆಗೆ ಮುಖ್ಯ ಕಾರಣವೆಂದು 2023ರ ಸಂಶೋಧನೆ ತೋರಿಸಿದೆ. ಇದು ಹೆದರಿಕೆಯಿಂದ ಬರುವ ತೊಂದರೆಯಲ್ಲ; ಆದರೆ ಹೆದರಿಕೆ ಅದನ್ನು ಹೆಚ್ಚಿಸಬಲ್ಲದು. ಆತಂಕಕ್ಕೆ ಹೊಟ್ಟೆ ಇನ್ನಷ್ಟು ತೊಳಸುತ್ತದೆ, ತೊಳಸಿದಷ್ಟೂ ಆತಂಕ ಏರುತ್ತದೆ.

ನಿಜವಾದ ಅಪಾಯ ಊಟ ಬಿಡುವುದರಲ್ಲಿದೆ. ಹೊಟ್ಟೆ ಖಾಲಿಯಿದ್ದರೆ ವಾಂತಿಯಾಗದೆಂದು ಉಪವಾಸವಿದ್ದರೆ ವಾಕರಿಕೆ ಹೆಚ್ಚುತ್ತದೆ. "ಎಷ್ಟು ಸಲ ವಾಂತಿಯಾಯಿತು?" ಎಂಬ ಪ್ರಶ್ನೆಗೆ "ಒಮ್ಮೆಯೂ ಇಲ್ಲ" ಎನ್ನುವವರೂ ಸೊರಗುತ್ತಿರಬಹುದು. ತಾಯಿ ಕಾರ್ಡಿನಲ್ಲಿ ತೂಕ ಇಳಿದಿದ್ದರೆ ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ಈ ಭಯವನ್ನು ಬಿಚ್ಚಿ ಹೇಳಬೇಕು.

ಬೆಳಿಗ್ಗೆ ಹಾಸಿಗೆ ಬಿಟ್ಟೇಳುವ ಮೊದಲು ಒಂದು ಚೂರು ಖಡಕ್ ರೊಟ್ಟಿ ಅಥವಾ ಒಂದು ಹಿಡಿ ಚುರುಮುರಿ ತಿಂದರೆ ಹಲವರಿಗೆ ಹಿತ. ಎರಡು–ಮೂರು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಉಣ್ಣಬೇಕು, ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಒಗ್ಗರಣೆಯ ಘಾಟು ಆಗದಿದ್ದರೆ ಕೆಲವು ವಾರ ಒಲೆಯ ಕೆಲಸವನ್ನು ಮನೆಯವರು ನೋಡಿಕೊಳ್ಳುವುದು ಒಳ್ಳೆಯದು. ಇಷ್ಟಕ್ಕೂ ಬಗ್ಗದಿದ್ದರೆ ಡಾಕ್ಸಿಲಮೈನ್ ಮತ್ತು ಬಿ6 ಸೇರಿದ ಮಾತ್ರೆ ಬಸುರಿಯರಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಭಯಕ್ಕೆ ಅರಿವು–ವರ್ತನೆ ಚಿಕಿತ್ಸೆಯಿದೆ. ಇದರಲ್ಲಿ ಹೆದರಿಸುವ ಸಂಗತಿಗಳನ್ನು ಮೆಟ್ಟಿಲುಮೆಟ್ಟಿಲಾಗಿ ಎದುರಿಸುತ್ತಾರೆ: ಮೊದಲು "ವಾಂತಿ" ಎಂದು ಬರೆಯುವುದು, ಆಮೇಲೆ ಚಿತ್ರ ನೋಡುವುದು, ಮುಂದೆ ಶಿಗ್ಲಿಯಿಂದ ಲಕ್ಷ್ಮೇಶ್ವರದವರೆಗೆ ಬಸ್ಸಿನಲ್ಲಿ ಹೋಗಿಬರುವುದು. "ನನಗೆ ವಾಂತಿಯಾಗಲ್ಲ ಅಲ್ವಾ?" ಎಂದು ಮನೆಯವರನ್ನು ಮತ್ತೆ ಮತ್ತೆ ಕೇಳುವ ರೂಢಿಯನ್ನೂ ಕ್ರಮೇಣ ಬಿಡಿಸುತ್ತಾರೆ. ನೆರವಿಗೆ ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ. ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲೂ ರಾತ್ರಿಯೂ ಉಚಿತವಾಗಿ ಸಲಹೆ ಸಿಗುತ್ತದೆ.

ಒಂದು ದಿನವಿಡೀ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ತಲೆಸುತ್ತು ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹೆರಿಗೆ ನೋವಿನಲ್ಲೂ ಸಿಸೇರಿಯನ್ ವೇಳೆಯಲ್ಲೂ ವಾಂತಿಯಾಗುವುದುಂಟು. ಮೊದಲೇ ತಿಳಿಸಿದ್ದರೆ ವೈದ್ಯರು ಅದನ್ನು ತಡೆಯುವ ಔಷಧ ಕೊಡಬಲ್ಲರು. ಹಾಲು ಕುಡಿದ ಕೂಸು ಕಕ್ಕುವುದೂ ಸಹಜವೇ. ಆದ್ದರಿಂದ ಚಿಕಿತ್ಸೆಯನ್ನು ಹೆರಿಗೆಗೆ ಮುನ್ನವೇ ಶುರುಮಾಡಿದರೆ ಬಾಣಂತನವೂ ಹಗುರಾಗುತ್ತದೆ.