ಮಗುವಿನ ಮರೆವು ದಡ್ಡತನವಲ್ಲ

“ಹಕೀಂ ಸಾಹೇಬ್ರೇ, ಇವನಿಗೆ ಜ್ಞಾಪಕಶಕ್ತಿಯೇ ಇಲ್ಲ. ಬೋರ್ಡ್ ನೋಡಿ ಒಂದು ಸಾಲು ಬರೆಯಲು ನಾಲ್ಕು ಸಲ ತಲೆ ಎತ್ತುತ್ತಾನಂತೆ. ಒಳ್ಳೆಯ ಖಮೀರಾ ಕೊಡಿ” ಎಂದು ತಾಯಂದಿರು ಮಕ್ಕಳನ್ನು ಕರೆತರುವುದುಂಟು. ಔಷಧಿ ಕೇಳುವ ಮೊದಲು ನಮ್ಮ ಮೆದುಳಿನ ಒಂದು ಮಿತಿಯನ್ನು ತಿಳಿದುಕೊಳ್ಳೋಣ.

ಕಣ್ಣು ಕಂಡದ್ದನ್ನು ಮೆದುಳು ಕೆಲವು ಸೆಕೆಂಡುಗಳ ಕಾಲ ಹಿಡಿದಿಟ್ಟುಕೊಳ್ಳುತ್ತದೆ. ಬೋರ್ಡಿನಿಂದ ಪುಸ್ತಕಕ್ಕೆ ಕಣ್ಣು ತಿರುಗಿಸುವಷ್ಟರಲ್ಲಿ ಪದಗಳು ಉಳಿದಿರುವುದು ಹೀಗೆಯೇ. ಆದರೆ ಅಲ್ಲಿ ಜಾಗ ಬಹಳ ಕಡಿಮೆ. 1997ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಲಕ್ ಮತ್ತು ವೋಗೆಲ್ ಬಣ್ಣದ ಚೌಕಗಳನ್ನು ಕ್ಷಣಮಾತ್ರ ತೋರಿಸಿ ಪರೀಕ್ಷಿಸಿದರು. ವಯಸ್ಕರು ಕೂಡ ಸುಮಾರು ನಾಲ್ಕನ್ನು ಮಾತ್ರ ಸರಿಯಾಗಿ ನೆನಪಿಡಬಲ್ಲವರಾಗಿದ್ದರು. ಚಿಕ್ಕ ಮಕ್ಕಳಿಗೆ ಅಷ್ಟೂ ಸಾಧ್ಯವಿಲ್ಲ.

ಇನ್ನೊಂದು ವಿಸ್ಮಯವಿದೆ. 2003ರಲ್ಲಿ ಗ್ರಿಫಿನ್ ಮತ್ತು ನೋಬ್ರೆ ಎಂಬ ಸಂಶೋಧಕರು ಚಿತ್ರ ಮರೆಯಾದ ಮೇಲೆ ‘ಈ ಜಾಗದಲ್ಲಿದ್ದದ್ದು’ ಎಂದು ಸೂಚನೆ ಕೊಟ್ಟರು. ನೋಡಲು ಏನೂ ಉಳಿದಿರಲಿಲ್ಲ. ಆದರೂ ಜನರ ಉತ್ತರ ಹೆಚ್ಚು ಸರಿಯಾಗಿತ್ತು. ಅಂದರೆ ಮೆದುಳು ಗಮನವನ್ನು ಹೊರಗೆ ಮಾತ್ರವಲ್ಲ, ತನ್ನೊಳಗಿನ ನೆನಪಿನ ಮೇಲೂ ತಿರುಗಿಸಬಲ್ಲದು. ಹಣೆಯ ಹಿಂದಿನ ಮತ್ತು ನೆತ್ತಿಯ ಭಾಗದ ಮೆದುಳು ಈ ಕೆಲಸದಲ್ಲಿ ಪಾಲ್ಗೊಳ್ಳುತ್ತದೆ. ಗಮನ ಬಿದ್ದ ನೆನಪು ಗಟ್ಟಿಯಾಗುತ್ತದೆ, ಬೀಳದ್ದು ಸುಲಭವಾಗಿ ಮಸುಕಾಗುತ್ತದೆ. ಕಂಡ ರೂಪಗಳನ್ನು ಉಳಿಸಿಕೊಳ್ಳುವ ಶಕ್ತಿ ಬೇರೆ, ಅವುಗಳನ್ನು ಬಳಸಿಕೊಳ್ಳುವ ಶಕ್ತಿ ಬೇರೆ ಎಂದು ಸಾವಿರ ವರ್ಷಗಳ ಹಿಂದೆಯೇ ಇಬ್ನು ಸೀನಾ ವಿಂಗಡಿಸಿದ್ದರು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು?

● ಮಗು ಪದೇ ಪದೇ ಬೋರ್ಡ್ ನೋಡುತ್ತಿದ್ದರೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ.

● ಇಡೀ ಸಾಲಿನ ಬದಲು ಎರಡು ಮೂರು ಪದ ನೋಡಿ ಬರೆಯಲು ಕಲಿಸಿ.

● ಬರೆಯುವಾಗ ಟಿ.ವಿ., ಮೊಬೈಲ್ ಬೇಡ. ನಡುವೆ ಕೂಗಿ ಕರೆಯಬೇಡಿ. ಗಮನ ಕದಲಿದರೆ ಹಿಡಿದಿದ್ದ ಪದವೂ ಜಾರುತ್ತದೆ.

● ಒಂದೇ ಉಸಿರಿಗೆ ಐದು ಕೆಲಸ ಹೇಳಬೇಡಿ. ಒಂದಾದ ಮೇಲೆ ಒಂದು ಹೇಳಿ.

● ಸಾಕಷ್ಟು ನಿದ್ದೆ ಮಾಡಲು ಬಿಡಿ.

ಇಷ್ಟಾದರೂ ಕಲಿಕೆಯಲ್ಲಿ ತೊಂದರೆ ಮುಂದುವರಿದರೆ ಮಕ್ಕಳ ತಜ್ಞರಿಗೆ ತೋರಿಸಿ. ನಾಲ್ಕರ ಜಾಗವನ್ನು ಎಂಟು ಮಾಡುವ ಖಮೀರಾ ನನ್ನ ಬಳಿ ಇಲ್ಲ. ಆದರೆ ‘ದಡ್ಡ’ ಎಂಬ ಮಾತನ್ನು ನಿಲ್ಲಿಸಲು ಯಾವ ಔಷಧಿಯೂ ಬೇಕಾಗಿಲ್ಲ. ಬೈಗುಳದ ಭಯ ಮನಸ್ಸನ್ನು ತುಂಬಿದರೆ ಪಾಠಕ್ಕೆ ಉಳಿಯುವ ಜಾಗ ಇನ್ನೂ ಕಡಿಮೆ.